ಮೂರನೆಯ ಪಾದ

ಕುಷ್ಠವೆಂಬ ಮಾತು ಇಂದಿನ ಕನ್ನಡದಲ್ಲಿ ಒಂದೇ ರೋಗಕ್ಕೆ ಮೀಸಲಾಗಿದೆ. ಕಿವಿಗೆ ಬಿದ್ದೊಡನೆ ಕೇಳಿದವನು ತನಗರಿವಿಲ್ಲದೆಯೇ ಒಂದು ಹೆಜ್ಜೆ ಹಿಂದಕ್ಕೆ ಸರಿಯುವಷ್ಟು ಭಯವನ್ನೂ ಅದು ಹೊತ್ತುಕೊಂಡಿದೆ. ಚರಕಸಂಹಿತೆಯಲ್ಲಿ ಈ ಶಬ್ದದ ಮನೆ ಬಹಳ ವಿಶಾಲವಾಗಿತ್ತು. ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು, ಒಟ್ಟು ಹದಿನೆಂಟು ಬಗೆಯ ಚರ್ಮವಿಕಾರಗಳು ಆ ಒಂದೇ ಸೂರಿನ ಕೆಳಗೆ ವಾಸವಾಗಿದ್ದುವು: ನಮ್ಮ ಹಳ್ಳಿಯವರು ಗಜಕರ್ಣವೆನ್ನುವ ದದ್ರು, ತುರಿಕಜ್ಜಿಯನ್ನು ಹೋಲುವ ಪಾಮಾ, ಇಸುಬಿನಂತೆ ನವೆಯೆದ್ದು ರಸ ಸೋರುವ ವಿಚರ್ಚಿಕೆ, ಗಾಯದ ಜಡ್ಡಿನಂತೆ ಗಡುಸಾಗಿ ಕಪ್ಪಿಡುವ ಕಿಟಿಭ, ಮೀನಿನ ಹುರುಪೆಯಂತೆ ಪದರುಪದರಾಗಿ ಏಳುವ ಏಕಕುಷ್ಠ. ಕಡೆಯ ಎರಡರ ಲಕ್ಷಣಗಳನ್ನು ಓದುವ ಈ ಕಾಲದ ವೈದ್ಯನಿಗೆ ಸೋರಿಯಾಸಿಸ್ ನೆನಪಿಗೆ ಬರುವುದು ಸಹಜವೇ ಆಗಿದೆ. ಪ್ರಾಚೀನರು ಹೆಸರನ್ನು ವಿಶಾಲವಾಗಿಟ್ಟು ಒಳಗೆ ಕೋಣೆಗಳನ್ನು ಬೇರ್ಪಡಿಸಿದ್ದರು. ಮುಂದಿನ ಲೋಕವಾದರೋ ಕೋಣೆಗಳನ್ನು ಮರೆತು ಹೆಸರೊಂದನ್ನೇ ಉಳಿಸಿಕೊಂಡಿತು. ಅದರ ಫಲವಾಗಿ, ಮುಟ್ಟಿದರೆ ಅಂಟದ ಹುರುಪೆಯನ್ನು ಮೈಮೇಲೆ ಹೊತ್ತವನೂ ಊರಿನ ಕಣ್ಣಿಗೆ ಅಸ್ಪೃಶ್ಯನಾಗಿಬಿಟ್ಟನು.

ಈ ರೋಗಗಳ ಸ್ವಭಾವ ವಿಚಿತ್ರವಾದುದು. ಅವು ಬಹುಮಟ್ಟಿಗೆ ಪ್ರಾಣವನ್ನು ತೆಗೆಯವು, ಬಿಟ್ಟೂ ಹೋಗವು. ಒಂದು ಋತುವಿನಲ್ಲಿ ತಗ್ಗಿ ಇನ್ನೊಂದರಲ್ಲಿ ಮರಳುವುವು. ಜ್ವರದಂತೆ ಏಳು ದಿನ ಹೋರಾಡಿ ಮುಗಿಸುವ ಯುದ್ಧವಲ್ಲ ಇದು, ಬೆಳಗೂ ಬೈಗೂ ಸಲ್ಲಿಸಬೇಕಾದ ಕಂದಾಯ. ಆದುದರಿಂದ ಇವುಗಳ ಚಿಕಿತ್ಸೆಯ ಚರಿತ್ರೆಯನ್ನು ಬರೆಯಹೊರಟವನು ಯಾವ ಶತಮಾನದಲ್ಲಿ ಯಾವ ಔಷಧ ಬಂದಿತೆಂಬ ಪಟ್ಟಿಯನ್ನು ಕೊಟ್ಟು ಸುಮ್ಮನಾಗುವಂತಿಲ್ಲ. ಆ ಔಷಧವನ್ನು ದಿನವೂ ಯಾರ ಕೈ ಹಚ್ಚಿತು, ಆ ಕೈ ಎಷ್ಟು ದಿನ ದಣಿಯದೆ ಹಚ್ಚಿತು ಎಂಬುದನ್ನೂ ವಿಚಾರಿಸಲೇಬೇಕಾಗುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಈ ವಿಚಾರಣೆಗೆ ಒಂದು ಚೌಕಟ್ಟನ್ನು ಆಗಲೇ ಸಿದ್ಧಪಡಿಸಿಟ್ಟಿದೆ. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ದ್ರವ್ಯ, ಉಪಸ್ಥಾತೃ ಎಂದರೆ ಬಳಿಯಲ್ಲಿದ್ದು ಉಪಚರಿಸುವವನು, ಮತ್ತು ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಹೇಳಿ, ಹದಿನಾರೂ ಕೂಡಿದಲ್ಲಿ ಸಿದ್ಧಿಯೆಂದು ಆಚಾರ್ಯನು ನಿರ್ಣಯಿಸುವನು. ರೋಗಿಯ ಗುಣಗಳಲ್ಲಿ ಒಂದರ ಹೆಸರು ನಿರ್ದೇಶಕಾರಿತ್ವ. ಹೇಳಿದುದನ್ನು ಹೇಳಿದಂತೆ ನಡೆಸುವುದು. ಅದರ ಜೊತೆಯಲ್ಲಿ ನಿಲ್ಲುವುವು ಸ್ಮೃತಿ, ಅಭೀರುತ್ವ, ಮತ್ತು ತನ್ನ ಮೈಯಲ್ಲಾಗುತ್ತಿರುವುದನ್ನು ಮರೆಮಾಚದೆ ತಿಳಿಸುವ ಜ್ಞಾಪಕತ್ವ. ಉಪಸ್ಥಾತೃವಿನಲ್ಲಿರಬೇಕಾದುವು ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ. ಮರೆಯದಿರುವುದನ್ನೂ ಅಂಜದಿರುವುದನ್ನೂ ರೋಗಿಯ ಗುಣಗಳೆಂದು ಎಣಿಸಿದ ಆಚಾರ್ಯನು, ರೋಗಿಯು ಮರೆಯುವನೆಂದೂ ಅಂಜುವನೆಂದೂ ಚೆನ್ನಾಗಿ ಬಲ್ಲವನೇ ಆಗಿದ್ದಿರಬೇಕು. ಇಲ್ಲವಾದರೆ ಅವನ ಪಕ್ಕದಲ್ಲಿ ಇನ್ನೊಬ್ಬನನ್ನು, ಅದೂ ಅನುರಾಗವುಳ್ಳವನನ್ನು, ನಿಲ್ಲಿಸುವ ಅಗತ್ಯವಾದರೂ ಏನಿತ್ತು?

ವಾಗ್ಭಟನು ಕುಷ್ಠಚಿಕಿತ್ಸೆಯಲ್ಲಿ ಈ ದೀರ್ಘಕಾಲದ ಕಟ್ಟಳೆಗೆ ಒಂದು ಪಂಚಾಂಗವನ್ನೇ ಹಾಕಿಕೊಟ್ಟಿರುವನು. ಪಕ್ಷಕ್ಕೊಮ್ಮೆ ವಮನ, ಮಾಸಕ್ಕೊಮ್ಮೆ ವಿರೇಚನ, ಮೂರು ದಿನಕ್ಕೊಮ್ಮೆ ನಸ್ಯ, ಆರು ತಿಂಗಳಿಗೊಮ್ಮೆ ರಕ್ತಮೋಕ್ಷ. ಈ ಉಪಾಯಗಳ ಗುಣಾಗುಣಗಳನ್ನು ಇಲ್ಲಿ ತೂಗಬೇಕಾಗಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳನ್ನು ಎಣಿಸಿಯೇ ಬದುಕುವ ಸಮಾಜದಲ್ಲಿ ಚಿಕಿತ್ಸೆಯನ್ನು ಪಕ್ಷಕ್ಕೂ ಮಾಸಕ್ಕೂ ಗಂಟುಹಾಕಿದುದರಿಂದ ಮರೆವಿಗೆ ಎಡೆ ಕಡಮೆಯಾಯಿತೆಂಬುದಷ್ಟೇ ನಮ್ಮ ಗಮನಕ್ಕೆ ಬರಬೇಕಾದ ಸಂಗತಿ.

ಯೂರೋಪಿನಲ್ಲಿಯೂ ಹೆಸರಿನ ತೊಡಕು ನಮ್ಮದಕ್ಕಿಂತ ಕಡಮೆಯಾಗಿರಲಿಲ್ಲ. ಲಂಡನ್ನಿನ ರಾಬರ್ಟ್ ವಿಲನ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚರ್ಮರೋಗಗಳನ್ನು ಅವುಗಳ ರೂಪದಿಂದಲೇ, ಇದು ಗುಳ್ಳೆ, ಇದು ಹುರುಪೆ, ಇದು ಕಲೆ ಎಂದು ಕಣ್ಣಿಗೆ ಕಂಡಂತೆ ವಿಂಗಡಿಸಿ, ಆ ಶಾಸ್ತ್ರಕ್ಕೆ ಒಂದು ವ್ಯಾಕರಣವನ್ನು ಒದಗಿಸಿದನು. ಆದರೂ ಇಂದು ನಾವು ಸೋರಿಯಾಸಿಸ್ ಎನ್ನುವ ರೋಗದ ಒಂದು ಪಾಲನ್ನು ಅವನು ಲೆಪ್ರಾ ಎಂಬ ಹೆಸರಿನಲ್ಲಿಯೇ ಉಳಿಸಿಬಿಟ್ಟನು. ಆ ಗಂಟನ್ನು ಬಿಡಿಸಿದವನು ವಿಯೆನ್ನಾದ ಮಹಾಚಿಕಿತ್ಸಾಲಯದಲ್ಲಿದ್ದ ಫರ್ಡಿನಾಂಡ್ ಹೆಬ್ರಾ. 1841ರ ಸುಮಾರಿಗೆ ಅವನು ಈ ಹುರುಪೆಯ ರೋಗಕ್ಕೆ ಲೆಪ್ರಾ ಎಂಬ ಹೆಸರು ಸಲ್ಲದೆಂದು ಅದನ್ನು ತೊಡೆದುಹಾಕಿದನು. ಒಂದು ಶಬ್ದವನ್ನು ಕಿತ್ತುಹಾಕಿದುದರಿಂದ ಯಾರ ಹುರುಪೆಯೂ ಉದುರಲಿಲ್ಲ. ಆದರೆ ರೋಗಿಯ ಬಳಿಗೆ ಇನ್ನೊಬ್ಬನು ಅಂಜದೆ ಬಂದು ಕುಳಿತುಕೊಳ್ಳುವುದಕ್ಕೆ ಅದರಿಂದ ದಾರಿಯಾಯಿತು. ಹೆಬ್ರಾನು ಮೈಯೆಲ್ಲ ಚರ್ಮ ಕೆಟ್ಟವರನ್ನೂ ಸುಟ್ಟಗಾಯದವರನ್ನೂ ಬಿಸುಪು ಕುಂದದ ನೀರಿನ ತೊಟ್ಟಿಯಲ್ಲಿ ದಿನಗಟ್ಟಲೆ ವಾರಗಟ್ಟಲೆ ಮಲಗಿಸುತ್ತಿದ್ದನು. ಆ ನೀರನ್ನು ಹಗಲೂ ಇರುಳೂ ಹದವಾಗಿಟ್ಟವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿಲ್ಲ.

ಇದೇ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಕರಾವಳಿಯ ನೆರೆನಾಡಾದ ಗೋವೆಯ ಹೆಸರು ಅನಿರೀಕ್ಷಿತವಾಗಿ ಈ ಕಥೆಯೊಳಗೆ ಬರುತ್ತದೆ. ಮುಂಬಯಿಯ ಪೇಟೆಯಲ್ಲಿ ಗೋವಾ ಪುಡಿಯೆಂಬ ಒಂದು ಹಳದಿ ಚೂರ್ಣವು ಗಜಕರ್ಣಕ್ಕೆ ರಾಮಬಾಣವೆಂದು ಮಾರಾಟವಾಗುತ್ತಿತ್ತು. ಅದನ್ನು ನಿಂಬೆಯ ರಸದಲ್ಲಿಯೋ ಹುಳಿಕಾಡಿಯಲ್ಲಿಯೋ ಕಲಸಿ ಹಚ್ಚುವರು. ಹಚ್ಚಿದ ಚರ್ಮವೂ ತಾಗಿದ ಬಟ್ಟೆಯೂ ಕಂದು ಮಿಶ್ರಿತ ನೇರಳೆಗೆ ತಿರುಗುವುವು. ಇದು ಯಾವ ಗಿಡದ್ದು, ಎಲ್ಲಿಯದು ಎಂಬುದು ಬಹುಕಾಲ ಗುಟ್ಟಾಗಿಯೇ ಇತ್ತು. 1875ರ ಸುಮಾರಿಗೆ ಬ್ರಜಿಲಿನ ಬಾಹಿಯಾದಲ್ಲಿದ್ದ ಡ ಸಿಲ್ವ ಲಿಮ ಎಂಬ ವೈದ್ಯನು ಗೋವಾ ಪುಡಿ ಗೋವೆಯದೇ ಅಲ್ಲವೆಂದೂ, ತನ್ನ ನಾಡಿನ ಅರಣ್ಯಗಳಲ್ಲಿ ಬೆಳೆಯುವ ಅರರೋಬ ಮರದ ಕಾಂಡದ ಬಿರುಕುಗಳಲ್ಲಿ ಶೇಖರವಾಗುವ ಪುಡಿಯೇ ಅದೆಂದೂ ತೋರಿಸಿಕೊಟ್ಟನು. ಒಂದೇ ದೊರೆತನದ ಕೆಳಗಿದ್ದ ಎರಡು ಕರಾವಳಿಗಳ ನಡುವೆ ಹಡಗೇರಿ ಬಂದು, ತವರಿನ ಹೆಸರನ್ನು ಕಳೆದುಕೊಂಡು, ಇಳಿದ ಬಂದರಿನ ಹೆಸರನ್ನೇ ತನ್ನದಾಗಿ ಮಾಡಿಕೊಂಡ ಪದಾರ್ಥವದು. ಮರವನ್ನು ಸೀಳಿ ಅದನ್ನು ಕೆರೆದು ತೆಗೆಯುವ ಆಳುಗಳ ಕಣ್ಣೂ ಮುಖವೂ ಊದಿಕೊಳ್ಳುತ್ತಿದ್ದುವಂತೆ. ಔಷಧದ ತೀಕ್ಷ್ಣತೆಯನ್ನು ಮೊದಲು ಅನುಭವಿಸಿದವರು ರೋಗಿಗಳಲ್ಲ, ಆ ಬಡವರು.

ಗಜಕರ್ಣದ ಈ ಪುಡಿ ಸೋರಿಯಾಸಿಸ್ಸಿಗೆ ಒದಗಿದುದು ಒಂದು ತಪ್ಪಿನಿಂದ. ತನಗೆ ಗಜಕರ್ಣವಾಗಿದೆಯೆಂದು ಭಾವಿಸಿ ಗೋವಾ ಪುಡಿಯನ್ನು ಹಚ್ಚಿಕೊಂಡು ಗುಣ ಕಂಡ ರೋಗಿಯೊಬ್ಬನನ್ನು ಲಂಡನ್ನಿನ ಬಾಲ್ಮನೊ ಸ್ಕ್ವೈರ್ ಎಂಬ ವೈದ್ಯನು 1876ರ ವೇಳೆಗೆ ಪರೀಕ್ಷಿಸಿದಾಗ, ಆ ರೋಗವು ಗಜಕರ್ಣವಾಗಿರದೆ ಸೋರಿಯಾಸಿಸ್ ಆಗಿದ್ದಿತು. ಇಲ್ಲಿ ವೈದ್ಯನಿಗೆ ಪಾಠ ಹೇಳಿದವನು ರೋಗಿ. ತಾನು ಏನನ್ನು ಹಚ್ಚಿಕೊಂಡೆನೆಂಬುದನ್ನು, ಬೈಯುವರೆಂಬ ಅಳುಕಿನಿಂದ ಅವನು ಮುಚ್ಚಿಟ್ಟಿದ್ದರೆ ಒಂದು ಉತ್ತಮ ಔಷಧವು ಇನ್ನೆಷ್ಟು ಕಾಲ ಕತ್ತಲಲ್ಲಿರುತ್ತಿತ್ತೋ! ಚರಕನು ರೋಗಿಗೆ ವಿಧಿಸಿದ ಜ್ಞಾಪಕತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

ಪುಡಿಯ ಸಾರವನ್ನು ರಸಾಯನಜ್ಞರು ಕ್ರೈಸರೋಬಿನ್ ಎಂದು ಹೆಸರಿಸಿದರು. ಅದರ ಮುಲಾಮು ಯೂರೋಪಿನ ಚಿಕಿತ್ಸಾಲಯಗಳಲ್ಲೆಲ್ಲ ನೆಲೆಯೂರಿತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಜಿಲಿನಿಂದ ಜರ್ಮನಿಗೆ ಸರಕು ಬರುವುದು ನಿಂತುಹೋಗಲು, ಅಲ್ಲಿಯವರು ಅದನ್ನೇ ಹೋಲುವ ಪದಾರ್ಥವೊಂದನ್ನು ಕಾರ್ಖಾನೆಯಲ್ಲಿ ತಯಾರಿಸಿದರು. 1916ರಲ್ಲಿ ಗಲೆವ್ಸ್ಕಿ ಮತ್ತು ಉನ್ನಾ ಎಂಬ ವೈದ್ಯರು ಅದರ ಗುಣವನ್ನು ಪ್ರಕಟಿಸಿದರು. ಅಂದು ಸಿಗ್ನೊಲಿನ್ ಎನಿಸಿಕೊಂಡ ಅದೇ ಇಂದಿನ ಡಿಥ್ರನಾಲ್. ಬಾಹಿಯಾದ ಮರ, ಗೋವೆಯ ಹೆಸರು, ಲಂಡನ್ನಿನ ರೋಗಿ, ಜರ್ಮನಿಯ ಕಾರ್ಖಾನೆ, ಇಷ್ಟನ್ನು ಹಾದು ಬಂದ ಮೇಲೂ ಮುಲಾಮಿನ ಹಳೆಯ ಅವಗುಣ ಹೋಗಲಿಲ್ಲ: ರೋಗವಿದ್ದಲ್ಲಿ ಗುಣ ಕೊಡುವ ಅದು ಪಕ್ಕದ ಒಳ್ಳೆಯ ಚರ್ಮವನ್ನು ಉರಿಸುವುದು, ಹಾಸಿಗೆ ಬಟ್ಟೆಗಳಿಗೆ ಬಿಡಿಸಲಾಗದ ಕಲೆಯನ್ನಂಟಿಸುವುದು.

ಇಂಥ ಮುಲಾಮು ಹಚ್ಚುವ ಕೈಯನ್ನು ಬೇಡುತ್ತದೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದ ಇಂಗ್ರಾಮ್ ಎಂಬ ಚರ್ಮವೈದ್ಯನು 1953ರಲ್ಲಿ ಪ್ರಕಟಿಸಿದ ಕ್ರಮವನ್ನು ಓದುವಾಗ, ವೈದ್ಯನ ಲೇಖನಿಗಿಂತ ಹೆಚ್ಚಾಗಿ ದಾದಿಯ ಕೈಯೇ ಕಣ್ಣಿಗೆ ಕಟ್ಟುತ್ತದೆ. ರೋಗಿಯು ಮೊದಲು ಕಲ್ಲಿದ್ದಲ ಟಾರನ್ನು ಬೆರೆಸಿದ ನೀರಿನಲ್ಲಿ ಮೀಯುವನು. ಮಿಂದೆದ್ದವನ ಮೈಗೆ ನೇರಳಾತೀತ ಕಿರಣವನ್ನು ಲೆಕ್ಕವಿಟ್ಟು ಕೊಡುವರು. ಆ ಬಳಿಕ ದಾದಿಯು ಸತುವಿನ ಭಸ್ಮವನ್ನೂ ಪಿಷ್ಟವನ್ನೂ ಮೃದುವಾದ ಪ್ಯಾರಾಫಿನ್ನಿನಲ್ಲಿ ಅರೆದು ಗಟ್ಟಿಮಾಡಿದ ಲಾಸಾರನ ಪೇಸ್ಟಿಗೆ ಡಿಥ್ರನಾಲನ್ನು ಕೂಡಿಸಿ, ಒಂದೊಂದು ಹುರುಪೆಯ ಮೇಲೂ ಅದರ ಅಂಚನ್ನು ಮೀರದಂತೆ, ರಂಗವಲ್ಲಿಯ ಎಳೆಯನ್ನು ತುಂಬುವವಳ ಎಚ್ಚರದಿಂದ, ಹಚ್ಚುತ್ತ ಬರುವಳು. ಹಚ್ಚಿದುದು ಹರಡದಿರಲೆಂದು ಮೇಲೆ ಪುಡಿಯನ್ನು ಉದುರಿಸಿ ಹೆಣೆದ ಬಟ್ಟೆಯ ಚೀಲವನ್ನು ತೊಡಿಸುವಳು. ಮರುದಿನ ಅದನ್ನೆಲ್ಲ ಒರೆಸಿ ತೆಗೆದು ಮತ್ತೆ ಮೊದಲಿನಿಂದ. ಹೀಗೆ ಮೂರು ವಾರ ಕಳೆಯುವ ಹೊತ್ತಿಗೆ ಅನೇಕರ ಮೈ ಹುರುಪೆ ಕಳೆದು, ಅದಿದ್ದ ತಾಣದಲ್ಲಿ ಬಿಳಿಚಾದ ನುಣುಪೂ ಸುತ್ತಲೂ ಕಂದಿನ ಚೌಕಟ್ಟೂ ಉಳಿಯುತ್ತಿದ್ದುವು. ಆ ಕಂದೂ ಮೆಲ್ಲಗೆ ಮಾಸುತ್ತಿತ್ತು. ಇದಕ್ಕೆ ಮೊದಲೇ, 1925ರಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್ಕಿನ ಗೊಕರ್ಮನ್ ಎಂಬವನು ಟಾರಿಗೂ ಕಿರಣಕ್ಕೂ ಗಂಟುಹಾಕಿ ಇದೇ ಬಗೆಯ ಫಲವನ್ನು ಕಂಡಿದ್ದನು. ಎರಡು ಪದ್ಧತಿಗಳಲ್ಲಿಯೂ ರೋಗಿಯು ದಿನವೂ ಒಬ್ಬರ ಕಣ್ಣಿನಡಿಯಲ್ಲಿದ್ದನು. ಹೇಳಿದಂತೆ ನಡೆದನೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟುವುದಕ್ಕೇ ಅಲ್ಲಿ ಎಡೆಯಿರಲಿಲ್ಲ.

ಕಿರಣದ ಮಾತು ಬಂದಾಗ ನಮ್ಮ ನಾಡಿನ ಬಾವಂಚಿಯನ್ನು ಸ್ಮರಿಸದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ತೊನ್ನಿಗೆ ಬಾವಂಚಿಯ ಬೀಜವನ್ನು ಅರೆದು ಹಚ್ಚಿ ಎಳೆಬಿಸಿಲಿನಲ್ಲಿ ಕೂಡಿಸುವುದು ನಮ್ಮಲ್ಲಿ ಪುರಾತನವಾದ ಪದ್ಧತಿ. ಹೊತ್ತು ಮೀರಿದರೆ ಚರ್ಮ ಬೊಬ್ಬೆಯೇಳುವುದರಿಂದ, ಬಿಸಿಲಿನಿಂದ ನೆರಳಿಗೆ ಯಾವಾಗ ಎಬ್ಬಿಸಬೇಕೆಂಬುದನ್ನು ಬಲ್ಲವರು ಬಳಿಯಲ್ಲಿರಲೇಬೇಕಾಗಿತ್ತು. ಈ ಬೀಜದಿಂದ 1933ರಲ್ಲಿ ಸೊರಾಲೆನ್ ಎಂಬ ಸಾರವನ್ನು ಬೇರ್ಪಡಿಸಿ ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಮೂವರು ಜೋಯಿಸ್, ಮಂಜುನಾಥ, ವೆಂಕಟರಾವ್ ಎಂಬವರು. ಜೋಯಿಸ್ ಎಂಬ ಹೆಸರು ಕನ್ನಡದ ಕಿವಿಗೆ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ಮೂರು ವರ್ಷಗಳ ಬಳಿಕ ಸೊರಾಲೆನ್ನಿನ ರಚನೆಯನ್ನು ನಿರ್ಧರಿಸಿ ಬರೆದ ಜರ್ಮನ್ ಲೇಖನದಲ್ಲಿ ಷ್ಪೇಟ್ ಎಂಬ ಪ್ರಸಿದ್ಧ ರಸಾಯನಜ್ಞನ ಹೆಸರಿನ ಜೊತೆಯಲ್ಲಿ ಮಂಜುನಾಥ ಮತ್ತು ಜೋಯಿಸರ ಹೆಸರುಗಳೂ ಇವೆ. ಷ್ಪೇಟ್ ಇದ್ದುದು ಹೆಬ್ರಾನ ಊರಾದ ವಿಯೆನ್ನಾದಲ್ಲಿಯೇ. ಈ ಸಾರಕ್ಕೆ ದಾಯಾದಿಯಾದ ಮೆಥಾಕ್ಸಲೆನ್ನನ್ನು ನುಂಗಿಸಿ, ಎರಡು ಗಂಟೆಯ ಮೇಲೆ ರೋಗಿಯನ್ನು ದೀರ್ಘತರಂಗದ ನೇರಳಾತೀತ ಕಿರಣ ಬೀರುವ ದೀಪಗಳ ಗೂಡಿನಲ್ಲಿ ನಿಲ್ಲಿಸಿ ಸೋರಿಯಾಸಿಸ್ಸನ್ನು ತಗ್ಗಿಸುವ ವಿಧಾನವನ್ನು 1974ರಲ್ಲಿ ಅಮೆರಿಕದ ಪ್ಯಾರಿಷ್, ಫಿಟ್ಸ್‌ಪ್ಯಾಟ್ರಿಕ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಆ ಸಂಗಡಿಗರಲ್ಲಿ ಪಾಠಕ್ ಎಂಬ ಭಾರತೀಯ ಮೂಲದ ವಿಜ್ಞಾನಿಯೂ ಇದ್ದನು. ಬಿಸಿಲು ದೀಪವಾಯಿತು, ಅರೆದ ಬೀಜ ಗುಳಿಗೆಯಾಯಿತು. ವಾರಕ್ಕೆ ಎರಡು ಮೂರು ಸಲ ಕೂಲಿಯನ್ನೋ ಕಚೇರಿಯನ್ನೋ ಬಿಟ್ಟು, ಬಸ್ಸು ಹಿಡಿದು ಬಂದು ನಿಲ್ಲಬೇಕಾದ ತೊಂದರೆ ಮಾತ್ರ ರೋಗಿಯ ಪಾಲಿಗೇ ಉಳಿಯಿತು.

ಈ ಚರಿತ್ರೆಯ ದೊಡ್ಡ ತಿರುವು ಒಂದು ಚಿಕ್ಕ ಕೊಳವೆಯಿಂದ ಆಯಿತೆಂದರೆ ಅತಿಶಯೋಕ್ತಿಯಲ್ಲ. 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ಅಮೆರಿಕದ ವೈದ್ಯರು ಹೈಡ್ರೊಕಾರ್ಟಿಸೋನನ್ನು ಮುಲಾಮಾಗಿ ಹಚ್ಚಿದರೆ ಇಸುಬಿನ ಉರಿಯೂತ ಇಳಿಯುವುದೆಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ಅದಕ್ಕಿಂತ ಪ್ರಬಲವಾದ ಸ್ಟೀರಾಯ್ಡ್ ಮುಲಾಮುಗಳು ಬಂದುವು. ಕಲೆಯಿಲ್ಲ, ನಾತವಿಲ್ಲ, ತೊಟ್ಟಿಯಿಲ್ಲ, ದೀಪವಿಲ್ಲ. ಬೆರಳಿನಿಂದ ಒತ್ತಿದರೆ ಬೆಳ್ಳಗೆ ಹೊರಬರುವ ಔಷಧವನ್ನು ಹಚ್ಚಿಕೊಂಡು ಅಂಗಿ ತೊಟ್ಟು ಕೆಲಸಕ್ಕೆ ಹೋಗಬಹುದು. ಎಷ್ಟೋ ಜನರ ನಿದ್ರೆಯನ್ನು ಮರಳಿ ಕೊಟ್ಟ ಈ ಉಪಕಾರವನ್ನು ಅಲ್ಲಗಳೆಯುವವನು ನವೆಯಿಂದ ಇರುಳನ್ನು ಕಳೆಯದವನೇ ಸರಿ. ಆದರೆ ಕೊಳವೆಯು ರೋಗಿಯ ಜೇಬಿಗೆ ಬಂದ ದಿನವೇ ದಾದಿಯು ಅವನ ಮನೆಯ ದಾರಿಯನ್ನು ಮರೆತಳು. ಮೂರನೆಯ ಪಾದದ ಹೊರೆಯೆಲ್ಲ ಸದ್ದಿಲ್ಲದೆ ನಾಲ್ಕನೆಯದರ ಮೇಲೆ ಬಿದ್ದಿತು. ಅದನ್ನು ಹೊರಲಾರದೆ ರೋಗಿಯು ಮುಗ್ಗರಿಸಿದಾಗ, ಅವನಿಗೆ ಶ್ರದ್ಧೆ ಸಾಲದೆಂದು ದೂರಿದುದೂ ಆಯಿತು.

ಹೀಗೆ ಕೊಳವೆಯೊಡನೆ ಒಂಟಿಯಾದವನು ಏನು ಮಾಡುವನು? ನಾಲ್ಕು ದಿನ ಹಚ್ಚಿ ನವೆ ತಗ್ಗಿತೆಂದು ಬಿಡುವನು. ಬಿಟ್ಟುದು ಮರಳಿದಾಗ ಔಷಧ ಸುಳ್ಳೆನ್ನುವನು. ಹೆದರಿ ಚಿಟಿಕೆಯಷ್ಟನ್ನು ಸವರುವನು, ಇಲ್ಲವೇ ಹೆದರಿಕೆಯೇ ಇಲ್ಲದೆ, ನೆರೆಯವರು ಹೇಳಿದರೆಂದು ಅಂಗಡಿಯಿಂದ ತಂದು, ಚರ್ಮ ಕಾಗದದಂತೆ ತೆಳುವಾಗುವವರೆಗೂ ಮುಖಕ್ಕೆ ಬಳಿದುಕೊಳ್ಳುವನು. ಕಿಟಕಿಯ ಗೂಡಿನಲ್ಲಿ ಕತ್ತಿನವರೆಗೆ ಸುರುಳಿ ಸುತ್ತಿದ ಒಂದು ಕೊಳವೆ, ಅದರ ಪಕ್ಕದಲ್ಲಿ ಮುಚ್ಚಳ ಕಳೆದು ಬಾಯಿ ಒಣಗಿದ ಇನ್ನೊಂದು, ಮೊಹರು ಒಡೆಯದ ಮತ್ತೊಂದು. ಇಸುಬಿನವರ ಮನೆಗಳಲ್ಲಿ ಈ ಸಾಲನ್ನು ಕಂಡವರಿಗೆ ಒಂದು ವರ್ಷದ ಆಸೆ ನಿರಾಸೆಗಳನ್ನು ಓದಿಕೊಳ್ಳಲು ಬೇರೆ ದಾಖಲೆ ಬೇಡ.

ಈ ಶತಮಾನದ ಆರಂಭದಲ್ಲಿ ಅಮೆರಿಕದ ಕೆಲವು ಚರ್ಮವೈದ್ಯರು, ತೆರೆದಾಗಲೆಲ್ಲ ಹೊತ್ತನ್ನು ಗುರುತುಮಾಡಿಕೊಳ್ಳುವ ಯಂತ್ರವುಳ್ಳ ಮುಚ್ಚಳಗಳಿಂದ ಈ ಸಂಗತಿಯನ್ನು ಅಳೆದು ನೋಡಿದರು. ರೋಗಿಗಳು ತಾವೇ ಬರೆದಿಟ್ಟ ಲೆಕ್ಕಕ್ಕೂ ಮುಚ್ಚಳದ ಲೆಕ್ಕಕ್ಕೂ ತಾಳೆಯಾಗಲಿಲ್ಲ. ವಾರಗಳು ಕಳೆದಂತೆ ಹಚ್ಚುವುದು ಕಡಮೆಯಾಗುತ್ತ ಬಂದಿತು. ವೈದ್ಯನನ್ನು ಕಾಣುವ ದಿನದ ಆಸುಪಾಸಿನಲ್ಲಿ ಮಾತ್ರ ಏರಿತು. ದೀರ್ಘಕಾಲದ ಯಾವ ರೋಗದಲ್ಲಿಯೇ ಆಗಲಿ, ಸಂಪನ್ನ ದೇಶಗಳಲ್ಲಿಯೂ ಸರಾಸರಿ ಅರ್ಧದಷ್ಟು ಜನರೇ ಹೇಳಿದಂತೆ ನಡೆಯುವರೆಂದು 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ತಿಳಿಸಿತು. ಇದನ್ನು ರೋಗಿಗಳ ಸುಳ್ಳೆಂದು ಎಣಿಸುವುದು ಸುಲಭ. ಕೇಳುವವರೊಬ್ಬರು ಇದ್ದಾರೆಂಬ ಅರಿವೇ ಕೈಯನ್ನು ಮುಲಾಮಿನ ಕಡೆಗೆ ನಡೆಸುತ್ತದೆಂದು ಓದಿಕೊಳ್ಳುವುದು ನ್ಯಾಯ.

ವೈದ್ಯಲೋಕವು ಈ ಲೋಪವನ್ನು ಸಣ್ಣ ಸಣ್ಣ ಉಪಾಯಗಳಿಂದ ತುಂಬಲು ತೊಡಗಿದೆ. ವೇಲ್ಸ್ ನಾಡಿನ ಕಾರ್ಡಿಫಿನಲ್ಲಿದ್ದ ಲಾಂಗ್ ಮತ್ತು ಫಿನ್ಲೆ ಎಂಬವರು 1991ರಲ್ಲಿ ಬೆರಳತುದಿಯ ಅಳತೆಯನ್ನು ಪ್ರಚಾರಕ್ಕೆ ತಂದರು: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮು, ಬೆರಳುಗಳೂ ಸೇರಿ ಎರಡು ಅಂಗೈಯಗಲದ ಚರ್ಮಕ್ಕೆ ಅದು ಸಾಕು. ಸ್ವಲ್ಪ ಹಚ್ಚಿ, ತೆಳುವಾಗಿ ಹಚ್ಚಿ ಎಂಬ ಮಾತುಗಳು ಕೊಡಲಾರದ ಧೈರ್ಯವನ್ನು ಈ ಅಳತೆ ಕೊಟ್ಟಿತು. ಅಕ್ಷರ ಬಾರದವಳೂ ಇದನ್ನು ಒಮ್ಮೆ ಕಂಡರೆ ಮರೆಯಳು. ಅದೇ ಫಿನ್ಲೆ 1994ರಲ್ಲಿ ಸಂಗಡಿಗನೊಡನೆ ಹತ್ತು ಪ್ರಶ್ನೆಗಳ ಒಂದು ಪತ್ರವನ್ನು ರಚಿಸಿ, ರೋಗದಿಂದ ನಿನ್ನ ಉಡುಗೆ, ಕೆಲಸ, ಆಟ, ದಾಂಪತ್ಯಗಳಿಗೆ ಎಷ್ಟು ಅಡಚಣೆಯಾಯಿತೆಂದು ರೋಗಿಯನ್ನೇ ಕೇಳುವ ಪದ್ಧತಿಯನ್ನು ಬೆಳೆಸಿದನು. ಸೋರಿಯಾಸಿಸ್ಸಿಗೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೊಮ್ಮೆ ನುಂಗಬೇಕು; ತಪ್ಪಿ ದಿನವೂ ನುಂಗಿದವರು ಪ್ರಾಣವನ್ನೇ ಕಳೆದುಕೊಂಡದ್ದುಂಟು. ಆದುದರಿಂದ ಎಚ್ಚರವುಳ್ಳ ವೈದ್ಯನು ವಾರಕ್ಕೊಮ್ಮೆ ಎಂದಷ್ಟೇ ಬರೆಯದೆ ಸೋಮವಾರವೆಂದು ವಾರದ ಹೆಸರನ್ನು ಬರೆಯುವನು. ವಾಗ್ಭಟನ ಪಂಚಾಂಗವು ಔಷಧದ ಚೀಟಿಯ ಮೇಲೆ ಮರಳಿ ಬಂದಿತೆನ್ನಬಹುದು. ವಾರಗಳಿಗೊಮ್ಮೆ ಚುಚ್ಚುವ ಹೊಸ ಜೈವಿಕ ಔಷಧಗಳು ದಿನದಿನದ ಲೇಪನದ ಕಾಟವನ್ನು ಬಹುಮಟ್ಟಿಗೆ ತಪ್ಪಿಸಿರುವುವಾದರೂ, ಅವುಗಳ ಬೆಲೆಯನ್ನು ಕೇಳಿ ಎದ್ದುಹೋಗುವವರು ನಮ್ಮಲ್ಲಿ ಬಹುಸಂಖ್ಯಾತರು. ಅವರಿಗೆ ಮುಲಾಮೇ ಗತಿ, ಹಚ್ಚುವ ಕೈಯೇ ಗತಿ.

ನಮ್ಮ ಹಿಂದಿನ ಮನೆಗಳಲ್ಲಿ ಆ ಕೈ ಇದ್ದಿತು. ಸಂಜೆಯ ಹೊತ್ತು ಜಗಲಿಯ ಮೇಲೆ ಹೊಂಗೆಯೆಣ್ಣೆಯ ಬಟ್ಟಲನ್ನಿಟ್ಟುಕೊಂಡು, ಮೂಗು ಮುಚ್ಚದೆ ಮುಖ ಸಿಂಡರಿಸದೆ, ಇಸುಬಾದವನ ಕಾಲಿಗೂ ಬೆನ್ನಿಗೂ ಸವರುತ್ತ ಊರ ಮಾತಾಡುತ್ತಿದ್ದ ಅಜ್ಜಿಯರಿಗೆ ಉಪಸ್ಥಾತೃವೆಂಬ ಹೆಸರು ತಿಳಿದಿರಲಿಲ್ಲ. ಆ ಎಣ್ಣೆಯಲ್ಲಿ ಎಷ್ಟು ಗುಣವಿತ್ತೋ, ಅದು ಬೇರೆ ವಿಚಾರ. ಆದರೆ ಒಂದು ದಿನವಾದರೂ ಅದು ತಪ್ಪುತ್ತಿರಲಿಲ್ಲ. ಇಂದು ಗುಣವುಳ್ಳ ಔಷಧವಿದೆ, ಹಚ್ಚುವ ದಿನಗಳು ತಪ್ಪುತ್ತಿವೆ. ಆದುದರಿಂದ ಚೀಟಿಯನ್ನು ಬರೆದು ಮುಗಿಸಿದ ವೈದ್ಯನು ಮುಂದಿನವರನ್ನು ಕರೆಯುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಕೇಳುವುದು ಒಳ್ಳೆಯದು. ಔಷಧವನ್ನು ಸರಿಯಾಗಿ ಹಚ್ಚುತ್ತೀರಾ ಎಂದರೆ ಎಲ್ಲರೂ ಹೌದೆನ್ನುವರು. ‘ಬೆನ್ನಿಗೆ ಯಾರು ಹಚ್ಚುತ್ತಾರೆ?’ ಎಂದು ಕೇಳಬೇಕು. ಒಬ್ಬರು ಹೆಂಡತಿಯ ಕಡೆ ನೋಡುವರು, ಒಬ್ಬರು ಮಗಳ ಹೆಸರನ್ನು ಹೇಳುವರು, ಮತ್ತೊಬ್ಬರು ತಲೆತಗ್ಗಿಸಿ ಸುಮ್ಮನೆ ಕುಳಿತುಬಿಡುವರು. ಆ ಮೂರನೆಯವರಿಗಾಗಿ ಬಾಗಿಲ ಬಳಿಯಲ್ಲಿ ಒಬ್ಬ ದಾದಿಯು ಕೈತೊಳೆದು ಸಿದ್ಧಳಾಗಿರಬೇಕು.